ವಾಣದ ಡಬ್ಬಿಯಲ್ಲಿ ಕೊಡೆ ಬಿಲ್ಲೆ

ಪುಂಡರೀಕಾಕ್ಷ ರಾಯರಿಗೆ ಹಳೆಯ ಚುನಾವಣಾ ಬಿಲ್ಲೆಗಳ ಹುಚ್ಚು. ಗೆದ್ದವರು, ಸೋತವರು, ಠೇವಣಿ ಕಳೆದುಕೊಂಡವರು ಎಲ್ಲರ ಬಿಲ್ಲೆಗಳೂ ಡೊಂಬಿವಲಿಯ ಅವರ ಫ್ಲ್ಯಾಟಿನ ಅಟ್ಟದಲ್ಲಿ ಒಂದೇ ಪೆಟ್ಟಿಗೆಯೊಳಗೆ ಜಗಳವಿಲ್ಲದೆ ಇದ್ದವು. ಇನ್ನೊಂದು ಬಿಲ್ಲೆ ಮನೆಯೊಳಗೆ ಬಂದರೆ ಪೆಟ್ಟಿಗೆ ಸಮೇತ ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಎಂದು ಹೆಂಡತಿ ದಮಯಂತಿಯಮ್ಮ ಹೇಳಿಬಿಟ್ಟಿದ್ದರು. ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು.

ಆದರೂ 2009ರ ಸಂಕ್ರಾಂತಿ ಕಳೆದ ಆ ಶನಿವಾರ, ಉಲ್ಹಾಸನಗರದ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಡೆ ಗುರುತಿನ ತಗಡಿನ ಬಿಲ್ಲೆ ಕಂಡಾಗ ರಾಯರಿಗೆ ಮನಸ್ಸು ತಡೆಯಲಿಲ್ಲ. ಮನೆಯೊಳಗೆ ಕಾಲಿಟ್ಟದ್ದೇ ಅಡುಗೆಮನೆಯಿಂದ ಬಳೆಯ ಸದ್ದು. ಗಾಬರಿಯಲ್ಲಿ ಮೇಜಿನ ಮೇಲೆ ಸಾಲಾಗಿದ್ದ ಪುಟ್ಟ ಸ್ಟೀಲ್ ಡಬ್ಬಿಗಳಲ್ಲೊಂದಕ್ಕೆ ಬಿಲ್ಲೆ ತುರುಕಿ ಮುಚ್ಚಿದರು. ಉಂಡು, ಮಲಗಿ ಎದ್ದು ನೋಡಿದರೆ ಡಬ್ಬಿಗಳೇ ಇಲ್ಲ! ಹಳದಿಕುಂಕುವಿಗೆ ಬಂದ ಮುತ್ತೈದೆಯರಿಗೆ ದಮಯಂತಿಯಮ್ಮ ಅವನ್ನೇ ವಾಣದ ಉಡುಗೊರೆಯೆಂದು ಹಂಚಿ ಮುಗಿಸಿದ್ದರು.

ರಾಯರು ಮೊದಲು, ಬಂದವರಲ್ಲಿ ಹತ್ತಿರದವಳಾದ ಕೆಳಗಿನ ಮನೆಯ ಜಯಲತಾಳ ಬಳಿಗೆ ಓಡಿದರು.

"ಗಲಗಲ ಅನ್ನುವ ಡಬ್ಬಿಯಾ? ಅದನ್ನು ಆಗಲೇ ಎದುರುಮನೆ ಜ್ಯೋತ್ಸ್ನಾತಾಯಿಗೆ ವಾಣ ಕೊಟ್ಟಾಯ್ತಲ್ಲ! ದಮಯಂತಿಯಕ್ಕನಿಗೆ ಹೇಳ್ಬೇಡಿ ಮಾರಾಯ್ರೇ. ಆದ್ರೆ ಕೊಟ್ಟ ಡಬ್ಬಿ ವಾಪಸ್ ಕೇಳುವಷ್ಟು ಕಷ್ಟ ಎಂತ ಬಂತು ನಿಮಗೆ?"

ಎದುರುಮನೆಗೆ ಹೋಗುವಷ್ಟರಲ್ಲಿ ಆ ಕಷ್ಟದ ಸುದ್ದಿ ಫೋನಿನಲ್ಲಿ ಮುಟ್ಟಿತ್ತು. ಜ್ಯೋತ್ಸ್ನಾತಾಯಿ ಬಟ್ಟಲು ತುಂಬ ಅಕ್ಕಿ ಹಿಡಿದೇ ಬಾಗಿಲು ತೆರೆದರು. "ಭಾವೂ, ನೌಕರಿ ಗೇಲೀ ಕಾ?"

ಕೆಲಸ ಹೋಗಿಲ್ಲ ಎಂದರೆ ಯಾರೂ ನಂಬಲಿಲ್ಲ. ಆಕೆಯ ಗಂಡ ಅವರನ್ನು ಕೂರಿಸಿ, ಚಹಾ ಕುಡಿಸಿ, ತಾನು ಕೆಲಸ ಕಳೆದುಕೊಂಡ ಕಾಲದ ಕತೆಯನ್ನು ಕತ್ತಲಾಗುವವರೆಗೆ ಹೇಳಿದ. ಕೊನೆಗೆ ಡಬ್ಬಿಯ ಮಾತೆತ್ತಿದಾಗ ಜ್ಯೋತ್ಸ್ನಾತಾಯಿ ನಾಲಿಗೆ ಕಚ್ಚಿಕೊಂಡರು. ತಮ್ಮ ಮನೆಯ ಹಳದಿಕುಂಕುವಿನಲ್ಲಿ ವಾಣ ಸಾಲದೆ, ಅದನ್ನು ಅಲ್ಲಿಗೆ ಬಂದಿದ್ದ ದಮಯಂತಿ ವಹಿನಿಗೇ ಕೊಟ್ಟಿದ್ದರಂತೆ.

ರಾಯರು ಎರಡೆರಡೇ ಮೆಟ್ಟಿಲು ಹಾರಿ ಮನೆಗೆ ಓಡಿದರು.

ದಮಯಂತಿಯಮ್ಮ ನಗುತ್ತಿದ್ದರು! "ನಾನು ಕೊಟ್ಟ ಡಬ್ಬಿ ನನಗೇ ಬಂತು ನೋಡಿ. ಒಳಗೊಂದು ಬಿಲ್ಲೆ ಬೇರೆ. ನಿಮ್ಮ ಹುಚ್ಚು ಗೊತ್ತಿದ್ದು ಯಾರೋ ಹಾಕಿದ್ದಾರೆ ಪಾಪ."

"ಭಂಗಾರಿಗೆ ಹಾಕಿದ್ಯಾ?"

"ಛೆ! ವಾಣದಲ್ಲಿ ಬಂದದ್ದನ್ನು ಭಂಗಾರಿಗೆ ಹಾಕುದುಂಟಾ? ಇಟ್ಕೊಳ್ಳಿ."

ಅಬ್ಬ! ರಾಯರು ಸೋಫಾದ ಮೇಲೆ ಕುಸಿದು ಕೂತರು. ಮದುವೆಯಾದ ಮೇಲೆ ಹೆಂಡತಿ ಇಷ್ಟು ಒಳ್ಳೆಯವಳಾಗಿ ಕಂಡದ್ದು ಇದೇ ಮೊದಲು.

"ಆದ್ರೆ ಎಂಥ ಕೊಳೆ ಅಂತೀರಿ! ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದೆ." ಅಂಗೈಗೆ ಬಂದದ್ದು ಕೊಡೆಯೂ ಇಲ್ಲದ, ಹೆಸರೂ ಇಲ್ಲದ ಬೋಳು ತಗಡು.

ಹೋದರೆ ಒಂದು ಹೋಯಿತು, ಪೆಟ್ಟಿಗೆ ಉಳಿಯಿತಲ್ಲ ಎಂದು ರಾಯರು ಅದನ್ನೇ ಜೇಬಿಗೆ ಹಾಕಿಕೊಂಡರು.

"ಇದೊಂದೇ ಹೊಳೆದ್ರೆ ಚೆಂದ ಕಾಣುದಿಲ್ಲ ಅಂತ," ದಮಯಂತಿಯಮ್ಮ ಬಾಲ್ಕನಿಯ ದೀಪ ಹಾಕಿದರು, "ಅಟ್ಟದಿಂದ ಪೆಟ್ಟಿಗೆ ಇಳಿಸಿ ಎಲ್ಲವನ್ನೂ ತಿಕ್ಕಿ ಒಣಗಲಿಕ್ಕೆ ಹಾಕಿದ್ದೇನೆ. ನೋಡಿ, ಒಂದರಲ್ಲಾದ್ರೂ ಕಲೆ ಉಂಟಾ?"