ಅಬುಧಾಬಿ ಘಟಕದ ಸ್ಥಾಪನೆಯಲ್ಲಿ ನನ್ನ ಪಾತ್ರ

ಕೆಲವರಿಗೆ ಸಿಗರೇಟು ಬಿಡಲಾಗುವುದಿಲ್ಲ, ಕೆಲವರಿಗೆ ಸಿಹಿತಿಂಡಿ. ನನಗೆ ಸಂಘ. ನಾಲ್ಕು ಜನ ಒಂದೆಡೆ ನಿಂತು ಮಾತಾಡುತ್ತಿದ್ದರೆ ಸಾಕು, ಇವರಿಗೊಬ್ಬ ಅಧ್ಯಕ್ಷ ಬೇಡವೇ ಎಂದು ನನ್ನ ಮನಸ್ಸು ಕೇಳುತ್ತದೆ. ಆ ಅಧ್ಯಕ್ಷ ಯಾರಾಗಬೇಕು ಎಂಬ ಬಗ್ಗೆಯೂ ನನಗೆ ಎಂದೂ ಗೊಂದಲವಾದದ್ದಿಲ್ಲ. ಅಬುಧಾಬಿಗೆ ಬಂದ ಇಪ್ಪತ್ತು ವರ್ಷಗಳಲ್ಲಿ ಕ್ರಿಕೆಟ್ ಬಳಗ, ಭಜನಾ ಬಳಗ, ನಮ್ಮ ಕಟ್ಟಡದ ಬಾಡಿಗೆದಾರರ ಬಳಗ ಎಲ್ಲದರಲ್ಲೂ ಒಂದಲ್ಲ ಒಂದು ಹುದ್ದೆಯನ್ನು ಅಲಂಕರಿಸಿದ್ದೇನೆ. ಕ್ರಿಕೆಟ್ ಬಳಗದಲ್ಲಂತೂ ಬ್ಯಾಟು ಮುಟ್ಟದೆ ಮೂರು ವರ್ಷ ಉಪಾಧ್ಯಕ್ಷನಾಗಿದ್ದೆ. ಅಧ್ಯಕ್ಷ ಪದವಿ ಒಂದು ಮಾತ್ರ ಇನ್ನೂ ಒಲಿದಿರಲಿಲ್ಲ.

ಹೀಗಿರುವಾಗ ದುಬೈಯಿಂದ ವಸಂತಣ್ಣನ ಫೋನ್ ಬಂತು. ವಸಂತಣ್ಣ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಸೀನಿಯರ್. ಈಗ ದುಬೈಯ ಸತ್ವಾ ಬಡಾವಣೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ, ಜೊತೆಗೆ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿ ಬಳಗದ ದುಬೈ ಘಟಕಕ್ಕೆ ಅಧ್ಯಕ್ಷರು. "ಅಬುಧಾಬಿಯಲ್ಲೂ ಒಂದು ಘಟಕ ಆಗ್ಬೇಕು ಮಾರಾಯ. ಒಂಬತ್ತು ಜನ ಸಿಕ್ಕಿದ್ರೆ ಸಾಕು ಅಂತ ನಿಯಮ ಉಂಟು. ನೀನು ಹೂಂ ಅಂದ್ರೆ ಖಲಾಸ್," ಎಂದರು. "ಯೋಚಿಸಿ ಹೇಳ್ತೇನೆ," ಎಂದೆ ಗಂಭೀರವಾಗಿ. ಫೋನ್ ಇಡುವ ಮೊದಲು, ಕಡುನೀಲಿ ಬಣ್ಣದ ಒಂದು ಕೋಟು ಹೊಲಿದಿಡಲೂ ಹೇಳಿದೆ. "ಹಳೆ ಅಳತೆ ಸಾಕಾ? ಹೊಟ್ಟೆ ಮುಂದೆ ಬಂದಿದ್ಯಾ?" ಎಂದು ಕೇಳಿದರು. ಹಳೆಯದೇ ಸಾಕು ಎಂದೆ. ಆತ್ಮವಿಶ್ವಾಸ ನನಗೆ ಎಲ್ಲ ವಿಷಯದಲ್ಲೂ ಇದೆ.

ಯೋಚಿಸಬೇಕಾಗಿದ್ದದ್ದು ಒಂದೇ, ಹೆಂಡತಿಗೆ ಹೇಗೆ ಹೇಳುವುದು ಎಂದು. ಶೋಭಾಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅವಳ ಪಾಳಿಯೂ ನನ್ನ ಆಫೀಸಿನ ರಜೆಯೂ ಕೂಡಿ ಬರುವುದು ತಿಂಗಳಿಗೆ ಎರಡೇ ಭಾನುವಾರ. ಆ ದಿನ ಬೆಳಿಗ್ಗೆ ಇಬ್ಬರೂ ಅಲ್ ಮೀನಾದ ಮೀನು ಮಾರ್ಕೆಟಿಗೆ ಹೋಗುತ್ತೇವೆ. ಅವಳು ಬಂಗುಡೆಯ ಕಿವಿರು ಎತ್ತಿ ನೋಡುತ್ತಾಳೆ, ನಾನು ಚೀಲ ಹಿಡಿದು ನಿಲ್ಲುತ್ತೇನೆ. ಹೇಳಿಕೊಳ್ಳುವಂಥ ವಿಹಾರವೇನಲ್ಲ. ಆದರೆ ಉಳಿದ ದಿನಗಳಲ್ಲಿ ನಮ್ಮ ಸಂಸಾರ ನಡೆಯುವುದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳ ಮೇಲೆ. ಭಜನಾ ಬಳಗದ ಕಾಲದಲ್ಲಿ ಆ ಎರಡು ಭಾನುವಾರಗಳನ್ನೂ ನಾನು ನುಂಗಿ ನೀರು ಕುಡಿದಿದ್ದೆ. ಒಮ್ಮೆ ಅವಳು ಒಬ್ಬಳೇ ಮಾರ್ಕೆಟಿಗೆ ಹೋಗಿ ಬಂದು, ಒಂದು ಮಾತೂ ಆಡದೆ ಸಾರು ಮಾಡಿ ಬಡಿಸಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ದಿನ ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ನಾಚಿಕೆಯಾದರೂ ಹೇಳಿದೆ. "ಪುನಃ ಸಂಘವಾ? ನಿಮ್ಗೆ ಎಂತ ಮರ್ಲಾ ಮಾರಾಯ್ರೆ? ನಮ್ಗೆ ಇರುದೇ ಎರಡು ಭಾನುವಾರ," ಎಂದಳು. "ಹುದ್ದೆ ಎಂತದೂ ಬೇಡ ನನಗೆ. ಬರೀ ಕಟ್ಟಿ ಕೊಡ್ತೇನೆ," ಎಂದೆ. ಪಕ್ಕದಲ್ಲಿದ್ದ ಮಗಳು ಮೊಬೈಲಿನಿಂದ ತಲೆ ಎತ್ತದೆಯೇ, "ಪಪ್ಪಾ, ಯು ಆಲ್ವೇಸ್ ಸೇ ದ್ಯಾಟ್," ಎಂದಳು. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಅದನ್ನು ನನಗೆ ಅನ್ವಯಿಸಿಕೊಳ್ಳಲಿಲ್ಲ.

ಎರಡು ವಾರ ಹುಡುಕಿ, ದೂರದ ಅಲ್ ಐನ್ ಪಟ್ಟಣದಲ್ಲಿದ್ದ ಒಬ್ಬ ಮೇಷ್ಟ್ರನ್ನೂ ಒಲಿಸಿ, ನನ್ನನ್ನೂ ಸೇರಿಸಿಕೊಂಡು ಎಂಟು ಜನರನ್ನು ಗುಡ್ಡೆ ಹಾಕಿದೆ. ಒಂಬತ್ತನೆಯವರು ಸಿಗಲಿಲ್ಲ. ಊಟಕ್ಕೆ ಕೂತಾಗ ಇದನ್ನೇ ಹೇಳಿ ಗೋಳಾಡುತ್ತಿದ್ದೆ. ಶೋಭಾ ಅನ್ನ ಬಡಿಸುತ್ತಾ, "ಹೌದು, ನಾನು ಎಂತ ಬೇರೆ ಕಾಲೇಜಲ್ಲಿ ಓದಿದ್ದಾ?" ಎಂದಳು. ನಾನು ಅವಳನ್ನು ಮೊದಲು ನೋಡಿದ್ದೇ ಆ ಕಾಲೇಜಿನ ಲೈಬ್ರರಿ ಮೆಟ್ಟಿಲ ಮೇಲೆ. ಇಡೀ ಎಮಿರೇಟನ್ನು ಜಾಲಾಡಿದವನು ಸ್ವಂತ ಅಡುಗೆಮನೆಯನ್ನು ಮಾತ್ರ ಬಿಟ್ಟಿದ್ದೆ.

ಸ್ಥಾಪನಾ ಸಭೆ ಒಂದು ಹೋಟೆಲಿನ ಮಹಡಿಯಲ್ಲಿ ನಡೆಯಿತು. ಇಲ್ಲಿ ನಮ್ಮ ಸಂಘಗಳ ಒಂದು ಸಂಪ್ರದಾಯವನ್ನು ಹೇಳಲೇಬೇಕು. ಹೆಸರು ಸೂಚಿಸಿದ ಕೂಡಲೇ ಯಾರೂ ಒಪ್ಪಿಕೊಳ್ಳುವಂತಿಲ್ಲ. ಮೊದಲ ಸಲ, "ಛೆ ಛೆ, ನನಗಿಂತ ಯೋಗ್ಯರಿದ್ದಾರೆ" ಎನ್ನಬೇಕು. ಎರಡನೆಯ ಸಲ, ಕೆಲಸದ ಒತ್ತಡ ಎನ್ನಬೇಕು. ಮೂರನೆಯ ಸಲಕ್ಕೆ, ನಿಮ್ಮ ಪ್ರೀತಿಯ ಒತ್ತಾಯಕ್ಕೆ ಮಣಿದು ಎಂದು ಎದ್ದು ನಿಂತು ಕೈಮುಗಿಯಬೇಕು. ಶೋಭಾಳಿಗೆ ಕೊಟ್ಟ ಮಾತೂ ಇದರಲ್ಲಿ ಉಳಿಯುತ್ತಿತ್ತು. ನಾನು ಬೇಡ ಎಂದೆ, ಅವರು ಬಿಡಲಿಲ್ಲ, ಅಷ್ಟೇ. ಒತ್ತಾಯ ಮಾಡುವ ಹೊಣೆಯನ್ನು ವಸಂತಣ್ಣನಿಗೆ ವಹಿಸಿದ್ದೆ. ಕೋಟು ಸ್ವಲ್ಪ ಬಿಗಿಯಾಗಿದ್ದರಿಂದ ಉಸಿರು ಎಳೆದುಕೊಂಡು ಮುಂದಿನ ಸಾಲಿನಲ್ಲೇ ಕೂತೆ.

ಸಭೆ ನಡೆಸಿದವನು ಪ್ರವೀಣ ಎಂಬ ಸೈಟ್ ಎಂಜಿನಿಯರ್. ಲ್ಯಾಪ್‌ಟಾಪ್ ತೆರೆದಿಟ್ಟು, ಪ್ರತಿ ವಿಷಯಕ್ಕೂ ಇಂತಿಷ್ಟೇ ನಿಮಿಷ ಎಂದು ಬರೆದುಕೊಂಡಿದ್ದ. "ಅಧ್ಯಕ್ಷ ಸ್ಥಾನಕ್ಕೆ ಸರ್ ಹೆಸರು ಬಂದಿದೆ. ಸರ್, ಓಕೆನಾ?" ಎಂದ. ನಾನು ತಲೆ ತಗ್ಗಿಸಿ, "ಛೆ ಛೆ, ನನಗಿಂತ ಯೋಗ್ಯರಿದ್ದಾರೆ," ಎಂದೆ. "ಓಕೆ ಸರ್, ನೋ ಪ್ರಾಬ್ಲಮ್. ನೆಕ್ಸ್ಟ್?" ಎಂದು ಅವನು ನನ್ನ ಹೆಸರನ್ನು ಅಳಿಸಿಯೇ ಬಿಟ್ಟ. ನಾನು ಬಾಗಿಲ ಕಡೆ ನೋಡಿದೆ. ವಸಂತಣ್ಣ ಪಾರ್ಕಿಂಗ್ ಸಿಗದೆ ಕಟ್ಟಡಕ್ಕೆ ಆರನೆಯ ಪ್ರದಕ್ಷಿಣೆ ಹಾಕುತ್ತಿದ್ದರಂತೆ. ಅಷ್ಟರಲ್ಲಿ ಮೇಷ್ಟ್ರು ಶೋಭಾಳ ಹೆಸರು ಹೇಳಿದರು. "ಆಗ್ಬಹುದು," ಎಂದಳು ಅವಳು. ಒಂದೇ ಮಾತು! ಇಪ್ಪತ್ತು ವರ್ಷದಲ್ಲಿ ಇಂಥ ಅಸಭ್ಯತೆಯನ್ನು ನಾನು ಯಾವ ಸಭೆಯಲ್ಲೂ ಕಂಡಿರಲಿಲ್ಲ. ಮುಗುಳ್ನಗುತ್ತಾ ಮೊದಲ ನಿಯಮವನ್ನೂ ಅಲ್ಲೇ ಘೋಷಿಸಿದಳು: "ಭಾನುವಾರ ಮೀಟಿಂಗ್ ಇಡ್ಲಿಕ್ಕಿಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕೋಟಿನ ಒಂದು ಗುಂಡಿ ಹಾರಿತು.

ಉಳಿದ ಏಳು ಜನರಿಗೂ ಹುದ್ದೆಗಳಿವೆ. ಘಟಕದ ಏಕೈಕ ಸಾಮಾನ್ಯ ಸದಸ್ಯ ನಾನು. ಮರುವಾರ ಅಲ್ ಮೀನಾಕ್ಕೆ ಹೋಗಿ ಬಂದೆವು. ಶೋಭಾ ದಾರಿಯುದ್ದಕ್ಕೂ ಮಾತಾಡಿದಳು, ನನಗೆ ನಿಜಕ್ಕೂ ಸಂತೋಷವಾಯಿತು. ಬುಧವಾರ ಸಂಜೆ ನಮ್ಮ ಮನೆಯಲ್ಲೇ ಕಾರ್ಯಕಾರಿ ಸಮಿತಿ ಕೂಡಿತು. ಸಾಮಾನ್ಯ ಸದಸ್ಯರಿಗೆ ಅಲ್ಲಿ ಕೂರುವ ಅವಕಾಶವಿಲ್ಲದ ಕಾರಣ ನಾನು ಅಡುಗೆಮನೆಯಲ್ಲಿದ್ದು ಎಂಟು ಲೋಟ ಚಹಾ ಮಾಡಿಕೊಟ್ಟೆ. ನಡಾವಳಿಯ ಕೊನೆಯಲ್ಲಿ ಚಹಾಕ್ಕಾಗಿ ನನಗೆ ಧನ್ಯವಾದ ಹೇಳಿದ್ದಾರೆ, ಹೆಸರು ಸಹಿತ. ಹೆಸರಿನ ಮೊದಲಿನ 'ಶ್ರೀ' ಮಾತ್ರ ಬಿಟ್ಟುಹೋಗಿದೆ. ತಿದ್ದುಪಡಿ ಕೋರಿ ಅಧ್ಯಕ್ಷರಿಗೆ ಲಿಖಿತ ಅರ್ಜಿ ಸಲ್ಲಿಸಿದ್ದೇನೆ, ಫ್ರಿಜ್ಜಿನ ಬಾಗಿಲ ಮೇಲೆ.