ಅರಗಿನ ಅಂಗಡಿಗೆ ಅರಗಿನ ಮುದ್ರೆ

ಅರಗು ಒಂದು ಆಹಾರ ಪದಾರ್ಥ ಎಂಬುದು ನಮ್ಮ ಪರವಾನಗಿ ಕಚೇರಿಯಲ್ಲಿ ಈಗ ಯಾರೂ ತಕರಾರು ಎತ್ತದ ಸಂಗತಿ. ಅದು ಸಾಬೀತಾದದ್ದು ಹೀಗೆ.

ಕಚೇರಿಯ ಹಿಂದಿನ ಬೀದಿಯಲ್ಲಿ ಬುಗುರಿ ಅಕ್ಕ ಎಂದು ಎಲ್ಲರೂ ಕರೆಯುವ ಹೆಂಗಸು ಮರದ ಆಟಿಕೆ ಮಾಡುತ್ತಿದ್ದಳು. ತಿರುಗುವ ಯಂತ್ರಕ್ಕೆ ಮರದ ತುಂಡು ಸಿಕ್ಕಿಸಿ, ಉಳಿಯಿಂದ ಕಡೆದು, ಅದಿನ್ನೂ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುವಳು. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿಕೊಂಡು ಕನ್ನಡಿಯಂತೆ ಹೊಳೆಯುವುದು. ಕೆಲಸ ಕಲಿಸಿದವರು ಅವಳ ಅತ್ತೆ. ಅತ್ತೆಗೆ ಈಗ ಕೈ ನಡುಗುತ್ತದೆ, ನಾಲಿಗೆ ನಡುಗುವುದಿಲ್ಲ.

ಪರವಾನಗಿ ನವೀಕರಣದ ಅರ್ಜಿಯಲ್ಲಿ ‘ಬಳಸುವ ವಸ್ತು’ ಎಂಬಲ್ಲಿ ಅಕ್ಕ ‘ಮರ, ಅರಗು’ ಎಂದು ಬರೆದಳು. ಗುಮಾಸ್ತರು ಶಿಸ್ತಿನ ಮನುಷ್ಯ. ಅರ್ಥ ತಿಳಿಯದ ಪದಕ್ಕೆ ರುಜು ಹಾಕುವವರಲ್ಲ. ನಿಘಂಟು ತೆರೆದರು. ‘ಅರಗು: ಜೀರ್ಣವಾಗು’ ಎಂದಿತ್ತು. ಕೆಳಗೆ ಬೇರೆ ಅರ್ಥಗಳೂ ಇದ್ದವು. ಆದರೆ ಕಚೇರಿಯಲ್ಲಿ ಸರದಿ ಎಂದರೆ ಸರದಿ, ಮೊದಲು ಬಂದ ಅರ್ಥಕ್ಕೆ ಮೊದಲ ಆದ್ಯತೆ. ತಿಂದದ್ದು ಮಾತ್ರ ಜೀರ್ಣವಾಗುವುದರಿಂದ ಅರ್ಜಿ ಆಹಾರ ವಿಭಾಗಕ್ಕೆ ಹೋಯಿತು. ಇದು ತಿನ್ನೋದಲ್ಲ, ಬಳಿಯೋದು ಎಂದು ಅಕ್ಕ ಬಂದು ವಿವರಿಸಿದಳು. ಗುಮಾಸ್ತರು ಸಹನೆಯಿಂದ ಕೇಳಿ, ಬೆಣ್ಣೆಯನ್ನೂ ಬಳಿಯುತ್ತಾರೆ ಎಂದರು.

ಮಾದರಿ ಸಂಗ್ರಹಕ್ಕೆ ಆಹಾರ ವಿಭಾಗದ ಅಧಿಕಾರಿಗಳು ಖುದ್ದಾಗಿ ಬಂದರು. ಗಿಲಕಿ ಎರಡು, ಬುಗುರಿ ನಾಲ್ಕು, ನಡೆಯಲು ಕಲಿಯುವ ಮಗು ತಳ್ಳುವ ಬಂಡಿ ಒಂದು, ಇಷ್ಟನ್ನು ಪರೀಕ್ಷೆಗೆ ಒಯ್ದರು. ಅವರ ಮೊಮ್ಮಗುವಿಗೆ ಆಗಷ್ಟೇ ವರ್ಷ ತುಂಬಿದ್ದಕ್ಕೂ ಮಾದರಿಗಳ ಆಯ್ಕೆಗೂ ಸಂಬಂಧವಿಲ್ಲ ಎಂದು ಕಡತದಲ್ಲೇ ನಮೂದಾಗಿದೆ.

ಅರವತ್ತು ದಿನ ಕಳೆದರೂ ಮಾದರಿಗಳು ಹಿಂದಿರುಗಲಿಲ್ಲ. ಹಿಂದಿರುಗದ ಮಾದರಿ ಪರೀಕ್ಷೆಯಲ್ಲೇ ಖರ್ಚಾಯಿತೆಂದು ತಿಳಿಯತಕ್ಕದ್ದು ಎಂಬ ನಿಯಮವಿದೆ. ಗುಮಾಸ್ತರು ವರದಿ ಬರೆದರು: ‘ಎಲ್ಲ ಮಾದರಿಗಳನ್ನೂ ಅಧಿಕಾರಿಗಳು ಪೂರ್ತಿಯಾಗಿ ಅರಗಿಸಿಕೊಂಡಿದ್ದಾರೆ. ಆರೋಗ್ಯದಲ್ಲಿ ಏರುಪೇರು ಕಂಡುಬಂದಿಲ್ಲ.’ ಅಧಿಕಾರಿಗಳು ಓದಿ ರುಜು ಮಾಡಿದರು. ಹೀಗೆ ವಿಷಯ ಸಾಬೀತಾಯಿತು.

ಆಹಾರದ ಪರವಾನಗಿ ಇಲ್ಲದೆ ಆಹಾರ ತಯಾರಿಸಿದ್ದಕ್ಕೆ ಅಂಗಡಿಗೆ ಬೀಗ ಬಿತ್ತು. ಬೀಗಕ್ಕೆ ಬಟ್ಟೆ ಸುತ್ತಿ, ಕೆಂಪು ಅರಗು ಕರಗಿಸಿ ಸುರಿದು, ಗುಮಾಸ್ತರು ಮುದ್ರೆ ಒತ್ತಿದರು. ಅಕ್ಕ ಮನೆಗೆ ಬಂದು, ಕೈ ಸುಮ್ಮನಿರಲಾರದೆ, ಲಟ್ಟಣಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಂಜೆವರೆಗೆ ಉರುಳಿಸುತ್ತ ಕೂತಳು. ಅತ್ತೆ ಮಾತ್ರ ಮುದ್ರೆ ನೋಡಿ ಬಂದು, ಅದು ಅರಗೇ ಅಲ್ಲ, ಮುಕ್ಕಾಲು ಪಾಲು ಮೇಣ, ಎರಡು ಬಿಸಿಲು ತಡೆಯುವುದಿಲ್ಲ ಎಂದು ತೀರ್ಪು ಕೊಟ್ಟರು.

ಮೂರನೆಯ ದಿನ ಮುದ್ರೆ ಬಿರುಕು ಬಿಟ್ಟಿತು. ಮುದ್ರೆ ಒಡೆದರೆ ಅದನ್ನು ಹಾಕಿದವರೇ ಹೊಣೆ. ಗುಮಾಸ್ತರು ಬೆವರು ಒರೆಸಿಕೊಳ್ಳುತ್ತ ಅಕ್ಕನ ಮನೆಗೆ ಬಂದರು.

“ಅಕ್ಕಾ, ಒಂದು ಕಡ್ಡಿ ಒಳ್ಳೇ ಅರಗು ಬೇಕಿತ್ತು.”

“ಎಲ್ಲಾ ಅಂಗಡಿ ಒಳಗಿದೆ ಸ್ವಾಮಿ.”

“ಒಳಗೆ ಹೋಗೋಕೆ ಮುದ್ರೆ ಒಡೀಬೇಕು. ಒಡೆದಿರೋದನ್ನ ಒಡೆಯೋಕೆ ನಿಯಮ ಇಲ್ಲ. ಮೊದಲು ಸರಿ ಮಾಡ್ಬೇಕು. ಸರಿ ಮಾಡೋಕೆ ಅರಗು ಬೇಕು.”

“ತಿನ್ನೋ ಪದಾರ್ಥಾನ ಬಾಗಿಲಿಗೆ ಯಾಕಪ್ಪಾ ಬಳೀತೀರಿ?” ಎಂದರು ಅತ್ತೆ.

“ಅದು ಬೇರೆ ವಿಭಾಗದ ಅರಗು, ಅಮ್ಮಾ.”

ಮುದ್ರೆಗೆ ದಿನಾ ತಾಜಾ ಅರಗು ಬೇಕಾಗುತ್ತದೆ, ಅದರ ಹದ ಗೊತ್ತಿರುವವರು ಯಾರಾದರೂ ಒಳಗಿದ್ದರೆ ಅನುಕೂಲ ಎಂದು ಅಕ್ಕ ಮೆಲ್ಲಗೆ ಹೇಳಿದಳು. ಹದ ಬಂದದ್ದು ಹೇಗೆ ತಿಳಿಯುತ್ತದೆ ಎಂದು ಗುಮಾಸ್ತರು ಕೇಳಿದರು.

“ಮರಕ್ಕೆ ಹಚ್ಚಿ ನೋಡ್ಬೇಕು.”

“ಎಂಥ ಮರ?”

“ದುಂಡಗಿರ್ಬೇಕು. ಕೆಳಗೆ ಚೂಪಾಗಿ. ಬುಗುರಿ ಥರ.”

ಗುಮಾಸ್ತರು ಬರೆದುಕೊಂಡರು. ವಾರದೊಳಗೆ ಆದೇಶ ಹೊರಬಿತ್ತು: ‘ಸದರಿ ಮಹಿಳೆಯನ್ನು ಮುದ್ರಾಪಾಲಕಿಯಾಗಿ ನೇಮಿಸಲಾಗಿದೆ. ಅವರು ಪ್ರತಿದಿನ ಬೆಳಿಗ್ಗೆ ಮುದ್ರೆ ತೆಗೆದು ಒಳಹೋಗಿ, ಅರಗು ತಯಾರಿಸಿ, ದುಂಡನೆಯ ಮರದ ಮೇಲೆ ಪರೀಕ್ಷಿಸಿ, ಸಂಜೆ ಐದಕ್ಕೆ ಹೊರಬಂದು ಮತ್ತೆ ಮುದ್ರೆ ಹಾಕತಕ್ಕದ್ದು. ನಡುವಿನ ವೇಳೆಯಲ್ಲಿ ಅಂಗಡಿ ಮುಚ್ಚಿದೆಯೆಂದೇ ಭಾವಿಸತಕ್ಕದ್ದು. ಪರೀಕ್ಷೆಯಲ್ಲಿ ಉಳಿದ ಮರವನ್ನು ಸಾರ್ವಜನಿಕರು ಕೊಂಡೊಯ್ಯಬಹುದು.’

ಸಾರ್ವಜನಿಕರು ಮಕ್ಕಳನ್ನೂ ಕರೆದುಕೊಂಡು ಬಂದು ಕೊಂಡೊಯ್ದರು. ಯಂತ್ರ ಮತ್ತೆ ತಿರುಗಿತು. ಅಕ್ಕ ದಿನಕ್ಕೆ ಮೂವತ್ತು ಬುಗುರಿಗಳ ಮೇಲೆ ಹದ ಪರೀಕ್ಷಿಸಿದಳು.

ಆಹಾರ ವಿಭಾಗದ ಅಧಿಕಾರಿಗಳು ಒಮ್ಮೆ ಬಂದು ಇನ್ನೊಂದು ತಳ್ಳುಬಂಡಿ ಮಾದರಿಗೆ ಬೇಕೆಂದರು. ಮನೆಗೆ ಎರಡನೆಯ ಮೊಮ್ಮಗು ಬಂದಿತ್ತು. ಮುಚ್ಚಿದ ಅಂಗಡಿಯಿಂದ ಮಾದರಿ ಒಯ್ಯಲು ಅವಕಾಶವಿಲ್ಲ ಎಂದು ಅಕ್ಕ ಆದೇಶದ ಪ್ರತಿ ತೋರಿಸಿದಳು. ರುಜು ಅವರದೇ ಆಗಿತ್ತು. ಹೌದಲ್ಲ ಎಂದು ಹೊರಟುಹೋದರು.

ಈ ಸುದ್ದಿ ಬೀದಿಯಲ್ಲಿ ಹಬ್ಬಿತು. ಮುಚ್ಚಿದ ಅಂಗಡಿಗೆ ನವೀಕರಣವಿಲ್ಲ, ತಪಾಸಣೆ ಇಲ್ಲ, ಮಾದರಿ ಇಲ್ಲ. ಮೊದಲು ದರ್ಜಿ, ಆಮೇಲೆ ಗಡಿಯಾರದವರು, ನಂತರ ಬೇಕರಿಯ ಅಣ್ಣತಮ್ಮಂದಿರು, ತಮ್ಮನ್ನೂ ಮುಚ್ಚಬೇಕೆಂದು ವಿನಮ್ರವಾಗಿ ಅರ್ಜಿ ಹಾಕಿದರು. ಕಚೇರಿಯವರು ಪ್ರತ್ಯೇಕ ಕಿಟಕಿ ತೆರೆದು, ಎಲ್ಲರಿಗೂ ಅಕ್ಕನ ಅರಗಿನಿಂದಲೇ ಮುದ್ರೆ ಹಾಕಿಕೊಟ್ಟರು. ಅದು ಬಿರುಕು ಬಿಡುವುದಿಲ್ಲ.

ಈಗ ಆ ಬೀದಿಯಲ್ಲಿ ತೆರೆದಿರುವುದು ಛತ್ರಿ ರಿಪೇರಿಯವನ ಅಂಗಡಿ ಒಂದೇ. ಏನೋ ಎಡವಟ್ಟಿರಬೇಕು ಎಂದು ಜನ ಆ ಕಡೆ ತಲೆಹಾಕುವುದಿಲ್ಲ. ಕೊನೆಗೆ ಅತ್ತೆಯೇ ಮರುಕಪಟ್ಟು ಅವನಿಗೆ ಬುದ್ಧಿ ಹೇಳಿದರು:

“ಮರ್ಯಾದಸ್ಥರ ಬೀದಿ ಕಣಪ್ಪಾ ಇದು. ನೀನೂ ಬೇಗ ಮುಚ್ಚಿಸ್ಕೋ. ವ್ಯಾಪಾರ ಶುರುವಾಗುತ್ತೆ.”

ಅವನು ತಪ್ಪೊಪ್ಪಿಕೊಂಡವನಂತೆ ತಲೆಯಾಡಿಸಿ, ಅರ್ಜಿ ನಮೂನೆ ಎಲ್ಲಿ ಸಿಗುತ್ತದೆಂದು ವಿಚಾರಿಸಿದನು.