ಹೊಳೆ ಕಡೆಯ ನೆಂಟರು

ನಮ್ಮ ಸೋದರಮಾವ ತೆಗೆದ ಮದುವೆ ವಿಡಿಯೋಗಳಲ್ಲಿ ಗಂಡು-ಹೆಣ್ಣಿಗಿಂತ ನೀರುನಾಯಿಗಳೇ ಲಕ್ಷಣವಾಗಿ ಕಾಣುತ್ತವೆ. ನಂಬುವುದಿಲ್ಲವೇ? ನನ್ನದೇ ಮದುವೆಯ ವಿಡಿಯೋ ಇದೆ, ಮನೆಗೆ ಬನ್ನಿ, ಕಾಫಿ ಕೊಟ್ಟು ತೋರಿಸುತ್ತೇನೆ!

ಹೊಳೆನರಸೀಪುರದಲ್ಲಿ ಅವನದೊಂದು ಸ್ಟುಡಿಯೋ. ಮದುವೆಗೆ ಬಂದವರೆಲ್ಲ ಊಟದ ಎಲೆಗೆ ನುಗ್ಗುವ ಹೊತ್ತಿಗೆ ಇವನು ಕ್ಯಾಮೆರಾ ಎತ್ತಿಕೊಂಡು ಹೇಮಾವತಿ ದಂಡೆಗೆ ಓಡಿರುತ್ತಾನೆ. ಅಲ್ಲಿ ಕೆಲವರು ಸಿಡಿಮದ್ದಿನ ತೋಟೆ ಎಸೆದು ಮೀನು ಹಿಡಿಯುತ್ತಾರೆ. ಮೀನಿನ ಜೊತೆ ನೀರುನಾಯಿಗಳೂ ಸಾಯುತ್ತವೆ. ಅದನ್ನು ನಿಲ್ಲಿಸಲೇಬೇಕೆಂದು ಮಾವ ವರ್ಷಗಟ್ಟಲೆ ಪೊದೆಯಲ್ಲಿ ಕೂತು ಒಂದು ಸಾಕ್ಷ್ಯಚಿತ್ರ ತೆಗೆದ. ತೆಗೆದದ್ದೇನೋ ಸರಿ, ನೋಡುವವರು ಯಾರು? ಅರಕಲಗೂಡಿನಲ್ಲಿ ಕರೆಂಟು ಹೋಯಿತು. ಮಲ್ಲಿಪಟ್ಟಣದಲ್ಲಿ, "ಈರೋ ಯಾವಾಗ್ ಬತ್ತಾನೆ ಸಾ?" ಎಂದು ಕೇಳಿ ಜನ ಎದ್ದುಹೋದರು.

"ನೋಡಲ್ವಾ? ಅದೆಂಗ್ ನೋಡಲ್ವೋ ನಾನೂ ನೋಡ್ತೀನಿ ಕಣವ್ವ!" ಎಂದ ನನ್ನ ಹತ್ತಿರ.

ನಮ್ಮ ಕಡೆಯ ಜನ ಏನು ಬಿಟ್ಟರೂ ಮದುವೆ ವಿಡಿಯೋ ಬಿಡುವುದಿಲ್ಲ. ತಮ್ಮ ಮುಖ ಬಂದಿದೆಯೇ, ಯಾರು ಯಾವ ಸೀರೆ ಉಟ್ಟಿದ್ದರು ಎಂದು ಮನೆಮಂದಿಯೆಲ್ಲ ಕೂತು ಕಣ್ಣು ಮಿಟುಕಿಸದೆ ನೋಡುತ್ತಾರೆ. ಮಾವನಿಗೆ ಅಷ್ಟೇ ಸಾಕಾಯಿತು. ಹಿರೀಸಾವೆಯ ಒಂದು ಮದುವೆಯ ವಿಡಿಯೋ. ಪುರೋಹಿತರು ಅರುಂಧತಿ ನಕ್ಷತ್ರ ತೋರಿಸಿದರು, ಗಂಡು-ಹೆಣ್ಣು ಕತ್ತೆತ್ತಿದರು, ಮರುಕ್ಷಣವೇ ಟಿವಿ ತುಂಬ ಕತ್ತೆತ್ತಿದ ನೀರುನಾಯಿ! ಗಂಡಿನ ತಾಯಿ ಸ್ಟುಡಿಯೋಗೇ ನುಗ್ಗಿದಳು.

"ಇದ್ಯಾವ್ದ್ ಸಾ, ನಮ್ ಮದ್ವೇಲಿ ನಾಯಿ?"

"ನಾಯಲ್ಲ ಕಣಮ್ಮ, ನೀರ್‌ನಾಯಿ. ಗಂಡಿನ್ ಕಡೆಯೋರು ಬಂದವ್ರೆ, ಹೆಣ್ಣಿನ್ ಕಡೆಯೋರು ಬಂದವ್ರೆ. ಇವ್ರು ಒಳೆ ಕಡೆಯೋರು!"

"ತೆಗೀರಿ ಅದ್ನ."

"ತೆಗಿಯಕ್ಕಿಲ್ಲ. ಬೇಕಾರೆ ನಿಮ್ ಉಡ್ಗುನ್ನ ತೆಗೀತೀನಿ!"

ಸುದ್ದಿ ಹಬ್ಬಿ, ಚನ್ನರಾಯಪಟ್ಟಣದ ಕಡೆಯವರು ಅವನನ್ನು ಕರೆಯುವುದನ್ನೇ ಬಿಟ್ಟರು. ಮಾವ ಜಗ್ಗಿದನೇ? ಉಹುಂ!

ಕೊನೆಗೆ, ಬೇರೆ ಯಾರೂ ಸಿಗದೆ, ಗೊರೂರು ಕಡೆಯ ಒಂದು ಮನೆಯವರು ಇವನನ್ನೇ ಕರೆದರು. ಹೆಣ್ಣಿನ ಅಪ್ಪನೇ ತೋಟೆ ಎಸೆಯುವ ಆಸಾಮಿ. ನಾನು ಸ್ಟುಡಿಯೋಗೇ ಓಡಿದೆ.

"ಇದೊಂದ್ರಲ್ಲಿ ಬ್ಯಾಡ ಮಾವ. ಕಾಲ್ ಮುರೀತಾರೆ."

"ಮುರೀಲಿ ಬುಡು. ನಾನೇನ್ ಕಾಲಲ್ಲಿ ವಿಡಿಯೋ ತೆಗೀತೀನಾ?"

ಆ ವಿಡಿಯೋದಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಬರುತ್ತದೆ. ಅಪ್ಪ ಮಗಳನ್ನು ಬಿಡಲಾರದೆ ಅಳುತ್ತಾನೆ. ಅದರ ಹಿಂದೆಯೇ ಹೊಳೆ, ಢಂ ಎಂಬ ಸದ್ದು. ಆಮೇಲೆ ಒಂದು ತಾಯಿ ನೀರುನಾಯಿ ಸತ್ತ ಮರಿಯನ್ನು ಮೂತಿಯಿಂದ ನೂಕಿ ನೂಕಿ ದಡಕ್ಕೆ ತರುತ್ತದೆ. ಎಬ್ಬಿಸಲು ನೋಡುತ್ತದೆ. ಅದು ಏಳುವುದಿಲ್ಲ.

ವಿಡಿಯೋ ಕೊಟ್ಟ ಮೂರನೇ ದಿನ ಆ ಅಪ್ಪ ಸ್ಟುಡಿಯೋಗೆ ಬಂದ. ನಾನೂ ಅಲ್ಲೇ ಇದ್ದೆ. ಮಾವ ಜಗಳಕ್ಕೆ ತೋಳೇರಿಸಿ ಎದ್ದುನಿಂತ. ಬಂದವನು ಬಾಗಿಲಲ್ಲೇ ನಿಂತು ಕೇಳಿದ:

"ಆ ತಾಯಿ... ಈಗ್ಲೂ ಅಲ್ಲೇ ಐತಾ ಸಾ?"

ಎಲ್ಲದಕ್ಕೂ ಎದುರುತ್ತರ ಇಟ್ಟುಕೊಂಡಿದ್ದ ಮಾವ ಏರಿಸಿದ್ದ ತೋಳು ಇಳಿಸಿದ.

"ಗೊತ್ತಿಲ್ಲ ಕಣಣ್ಣ. ಅವತ್ತಿಂದ ಕಂಡಿಲ್ಲ. ದಿನಾ ಉಡುಕ್ತಾ ಇವ್ನಿ" ಎಂದವನೇ, ಊರೂರಿಗೇ ಸೆಡ್ಡು ಹೊಡೆದಿದ್ದ ನನ್ನ ಮಾವ, ತೋಟೆ ಎಸೆದ ಆ ಕೈಗಳನ್ನೇ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.